ಸಾಲಿನಲ್ಲಿ ಸಮಾನರ ಸ್ಥಾನ

ಊಟದ ಪಂಕ್ತಿಯಲ್ಲಿ ಮೊದಲ ಎಲೆ ಯಾರದು, ಕೊನೆಯ ಎಲೆ ಯಾರದು ಎಂಬ ಮಾತಿನಿಂದ ನಮ್ಮ ಊರುಗಳಲ್ಲಿ ಎಷ್ಟು ಮನಸ್ಸುಗಳು ಮುರಿದಿವೆಯೋ ಬಲ್ಲವರೇ ಬಲ್ಲರು. ಹಿರಿಯನಿಗೆ ಮೊದಲ ಸ್ಥಾನ, ಕಿರಿಯನಿಗೆ ಆಮೇಲಿನ ಸ್ಥಾನ ಎಂದರೆ ಅದನ್ನು ಯಾರೂ ಅಲ್ಲಗಳೆಯರು. ತೊಡಕು ಹುಟ್ಟುವುದು ಇಬ್ಬರೂ ಸಮಾನರಾದಾಗ. ಒಂದೇ ವಯಸ್ಸು, ಒಂದೇ ಯೋಗ್ಯತೆ. ಆದರೂ ಸಾಲೆಂದ ಮೇಲೆ ಒಬ್ಬನು ಮುಂದೆ, ಇನ್ನೊಬ್ಬನು ಹಿಂದೆ ನಿಲ್ಲಲೇಬೇಕು. ಆಗ ಯಾರನ್ನು ಮುಂದೆ ನಿಲ್ಲಿಸುವುದು? ಬಹಳ ಹಳೆಯದಾದ ಈ ಪ್ರಶ್ನೆಯನ್ನು ನಮ್ಮ ಕಾಲದ ಗಣಕಯಂತ್ರಗಳೂ ಎದುರಿಸಬೇಕಾಯಿತು. ಜಾವಾ ಎಂಬ ಯಂತ್ರಭಾಷೆಯಲ್ಲಿ ಪಟ್ಟಿಗಳನ್ನು ಕ್ರಮಗೊಳಿಸುವ ಮತ್ತು ತಿರುಗುಮುರುಗಾಗಿಸುವ ವಿಧಾನಗಳು ಬೆಳೆದು ಬಂದ ಕಥೆ ಬಹುಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಹುಡುಕಿದ ಕಥೆಯೇ ಆಗಿದೆ. ಅದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಕ್ರಮಗೊಳಿಸುವ ವಿದ್ಯೆ ಯಂತ್ರದೊಡನೆ ಹುಟ್ಟಿದ್ದಲ್ಲ. ನಮ್ಮ ಪಾಠಶಾಲೆಗಳಲ್ಲಿ ಹುಡುಗರು ಕಂಠಪಾಠ ಮಾಡುತ್ತಿದ್ದ ಅಮರಕೋಶವನ್ನೇ ನೋಡಿ. ಅದರ ಮೂರನೆಯ ಕಾಂಡದ ನಾನಾರ್ಥವರ್ಗದಲ್ಲಿ ಶಬ್ದಗಳನ್ನು ಜೋಡಿಸಿರುವುದು ಮೊದಲ ಅಕ್ಷರದಿಂದಲ್ಲ, ಕೊನೆಯ ವ್ಯಂಜನದಿಂದ. ಕಕಾರದಲ್ಲಿ ಮುಗಿಯುವ ಕಾಂತಗಳು ಮೊದಲು, ಖಾಂತಗಳು ಆಮೇಲೆ, ಗಾಂತಗಳು ಅದಾದ ಮೇಲೆ. ಇದಕ್ಕೆ ವ್ಯತಿರಿಕ್ತವಾಗಿ 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲ್ ಪಂಡಿತರ ಕನ್ನಡ ನಿಘಂಟು ಮೊದಲ ಅಕ್ಷರವನ್ನು ಹಿಡಿದು ಅಕಾರಾದಿಯಾಗಿ ಸಾಗುತ್ತದೆ. ಪದಗಳ ರಾಶಿ ಒಂದೇ. ನೋಡುವ ತುದಿ ಬೇರೆಯಾದರೆ ಸಾಲೂ ಬೇರೆಯಾಗುತ್ತದೆ. ಆದುದರಿಂದ ಕ್ರಮವೆಂಬುದು ವಸ್ತುಗಳಲ್ಲಿ ತಾನಾಗಿ ಇರುವ ಗುಣವಲ್ಲ; ನಾವು ಯಾವುದನ್ನು ಹೋಲಿಸುತ್ತೇವೆ ಎಂಬುದರಿಂದ ಹುಟ್ಟುವ ಗುಣ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಯಂತ್ರದಿಂದ ವಿಂಗಡಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ಮೊದಲಾದುದು ಅಮೆರಿಕದ ಜನಗಣತಿಯಲ್ಲಿ. 1880ರ ಗಣತಿಯ ಲೆಕ್ಕಗಳನ್ನು ಕೈಯಿಂದ ಮುಗಿಸುವ ಹೊತ್ತಿಗೆ ಆ ದಶಕದ ಬಹುಭಾಗವೇ ಕಳೆದುಹೋಗಿತ್ತು. ಮುಂದಿನ ಗಣತಿಯ ಕಾಲಕ್ಕೆ ಆ ದೇಶದ ಜನಸಂಖ್ಯೆ ಆರು ಕೋಟಿಯನ್ನು ಮೀರಿತ್ತು. ಆಗ ಹರ್ಮನ್ ಹಾಲರಿತ್ ಎಂಬ ಎಂಜಿನಿಯರು ಪ್ರತಿಯೊಬ್ಬ ಮನುಷ್ಯನಿಗೂ ಒಂದೊಂದು ಕಾರ್ಡು ಮಾಡಿ, ಅವನ ವಿವರಗಳನ್ನು ಅದರಲ್ಲಿ ತೂತುಗಳಾಗಿ ಕೊರೆಯುವ ಉಪಾಯವನ್ನು ಕಂಡುಹಿಡಿದನು. ತೂತಿನ ಮೂಲಕ ವಿದ್ಯುತ್ತು ಹರಿದರೆ ಎಣಿಕೆಯ ಮುಳ್ಳು ಒಂದು ಮನೆ ಮುಂದೆ ಸರಿಯುವುದು. ಪಕ್ಕದ ಪೆಟ್ಟಿಗೆಯಲ್ಲಿ ತಕ್ಕ ಅರೆಯ ಮುಚ್ಚಳ ತಾನಾಗಿ ತೆರೆಯುವುದು. ಗುಮಾಸ್ತನು ಕಾರ್ಡನ್ನು ಅದರೊಳಗೆ ಹಾಕುವನು. 1890ರ ಗಣತಿಯಲ್ಲಿ ಈ ಯಂತ್ರಗಳು ದುಡಿದವು. ಹಾಲರಿತನು 1896ರಲ್ಲಿ ಸ್ಥಾಪಿಸಿದ ಕಂಪೆನಿ 1911ರಲ್ಲಿ ಬೇರೆ ಕಂಪೆನಿಗಳೊಡನೆ ಕೂಡಿಕೊಂಡು, 1924ರಲ್ಲಿ ಐಬಿಎಂ ಎಂಬ ಹೆಸರನ್ನು ಪಡೆಯಿತು.

ಮುಂದೆ ಬಂದ ವಿಂಗಡಣೆಯ ಯಂತ್ರಗಳು ಕಾರ್ಡುಗಳನ್ನು ಒಂದು ಸಲಕ್ಕೆ ಒಂದೇ ಅಂಕಿಯ ಮೇಲೆ ಬೇರೆ ಬೇರೆ ಗೂಡುಗಳಿಗೆ ಬೀಳಿಸುತ್ತಿದ್ದವು. ದೊಡ್ಡ ಸಂಖ್ಯೆಗಳನ್ನು ಕ್ರಮಗೊಳಿಸಲು ಮೊದಲು ಬಿಡಿಸ್ಥಾನದ ಮೇಲೆ, ಆಮೇಲೆ ಹತ್ತರ ಸ್ಥಾನದ ಮೇಲೆ, ಆಮೇಲೆ ನೂರರ ಸ್ಥಾನದ ಮೇಲೆ ವಿಂಗಡಿಸುವುದು ಪದ್ಧತಿ. ಓದುಗರಿಗೆ ಇದು ತಲೆಕೆಳಗಾದ ದಾರಿಯಂತೆ ತೋರಬಹುದು. ಒಂದು ಉದಾಹರಣೆಯನ್ನು ಕಾಗದದ ಮೇಲೆ ಬರೆದು ನೋಡಿ. 42, 31, 41, 32 ಎಂಬ ನಾಲ್ಕು ಚೀಟಿಗಳಿವೆ. ಬಿಡಿಸ್ಥಾನವನ್ನು ಹಿಡಿದು ವಿಂಗಡಿಸಿದರೆ 31, 41, 42, 32 ಎಂದಾಗುತ್ತದೆ. ಇನ್ನು ಹತ್ತರ ಸ್ಥಾನವನ್ನು ಹಿಡಿದು ವಿಂಗಡಿಸಿ: ಮೂರರ ಗೂಡಿಗೆ 31, 32, ನಾಲ್ಕರ ಗೂಡಿಗೆ 41, 42. ಕೂಡಿಸಿದರೆ ಸರಿಯಾದ ಸಾಲು ಬಂದಿತು! ಇದು ಹೇಗಾಯಿತು? ಹತ್ತರ ಸ್ಥಾನದಲ್ಲಿ 31ಕ್ಕೂ 32ಕ್ಕೂ ಭೇದವಿಲ್ಲ, ಅವು ಸಮಾನ. ಆದರೆ ಮೊದಲನೆಯ ಸುತ್ತಿನಲ್ಲಿ 31 ಮುಂದೆ ಬಂದಿತ್ತು. ಎರಡನೆಯ ಸುತ್ತು ಆ ಹಿಂದುಮುಂದನ್ನು ಕೆಡಿಸದೆ ಉಳಿಸಿಕೊಂಡಿತು. ಗುಮಾಸ್ತನು ಮೈಮರೆತು ಒಂದು ಗೂಡಿನ ಕಾರ್ಡುಗಳನ್ನು ಬೋರಲಾಗಿ ತೆಗೆದನೆಂದರೆ ಅದುವರೆಗಿನ ದುಡಿಮೆಯೆಲ್ಲ ನೀರಿನಲ್ಲಿ ಹೋಮ. ಸಮಾನರಲ್ಲಿ ಮೊದಲು ಬಂದವನು ಮೊದಲೇ ಇರಲಿ ಎಂಬ ಈ ನಿಯಮವನ್ನು ನಾವು ಸ್ಥಿರತೆ ಎಂದು ಕರೆಯಬಹುದು.

ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಗಣಿತಜ್ಞ ಜಾನ್ ಫಾನ್ ನಾಯ್ಮನ್ ಇನ್ನೂ ಕಟ್ಟಿ ಮುಗಿಯದ ಎಡ್‌ವ್ಯಾಕ್ ಎಂಬ ವಿದ್ಯುನ್ಮಾನ ಗಣಕಕ್ಕಾಗಿ ಒಂದು ವಿಧಿಯನ್ನು ಬರೆದನು. ಅದೂ ಕ್ರಮಗೊಳಿಸುವ ವಿಧಿಯೇ. ಅದರ ಮರ್ಮ ಸುಲಭ: ಕ್ರಮವಾಗಿರುವ ಎರಡು ಚಿಕ್ಕ ಸಾಲುಗಳಿದ್ದರೆ, ಎರಡರ ಮುಂದಾಳುಗಳನ್ನು ಹೋಲಿಸಿ ಚಿಕ್ಕವನನ್ನು ಹೊರಗೆ ಕರೆಯುತ್ತ ಹೋದರೆ ಸಾಕು, ಎರಡೂ ಸೇರಿ ಒಂದೇ ದೊಡ್ಡ ಸಾಲಾಗುತ್ತವೆ. ಎರಡು ತೊರೆಗಳು ಸಂಗಮವಾದಂತೆ. ಒಂದೊಂದನ್ನು ಕೂಡಿಸಿ ಎರಡು, ಎರಡೆರಡನ್ನು ಕೂಡಿಸಿ ನಾಲ್ಕು, ಹೀಗೆ ಬೆಳೆಯುತ್ತ ಹೋಗುವುದು. ಇದರಿಂದಾಗುವ ಲಾಭ ಸಾಮಾನ್ಯವಲ್ಲ. 1,000 ಚೀಟಿಗಳಲ್ಲಿ ಪ್ರತಿಯೊಂದನ್ನೂ ಪ್ರತಿಯೊಂದರೊಡನೆ ಹೋಲಿಸಿದರೆ 4,99,500 ಹೋಲಿಕೆಗಳು ಬೇಕು. ಸಂಗಮದ ವಿಧಾನಕ್ಕೆ ಸುಮಾರು 10,000 ಸಾಕು. ಮುಂದಾಳುಗಳಿಬ್ಬರೂ ಸಮಾನರಾದಾಗ ಎಡಗಡೆಯ ಸಾಲಿನವನನ್ನೇ ಮೊದಲು ಕರೆಯುವುದು ಎಂದು ಕಟ್ಟುಮಾಡಿಕೊಂಡರೆ ಸ್ಥಿರತೆಯೂ ಉಳಿಯುತ್ತದೆ. ಆದರೆ ಕೂಡಿಸುವಾಗ ಚೀಟಿಗಳನ್ನಿಡಲು ಇನ್ನಷ್ಟು ಜಾಗ ಬೇಕಾಗುವುದು ಇದರ ಕೊರತೆ.

ಈ ಕೊರತೆಯನ್ನು ನೀಗಿದವನು ಟೋನಿ ಹೋರ್. ಕೊಲಂಬೋ ನಗರದಲ್ಲಿ 1934ರಲ್ಲಿ ಹುಟ್ಟಿದ ಈ ಇಂಗ್ಲಿಷರವನು 1959ರ ಸುಮಾರಿಗೆ ಮಾಸ್ಕೋ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡುತ್ತಿದ್ದನು. ರಷ್ಯನ್ ವಾಕ್ಯಗಳನ್ನು ಯಂತ್ರದಿಂದ ಇಂಗ್ಲಿಷಿಗೆ ಅನುವಾದಿಸುವ ಪ್ರಯತ್ನ ಆಗ ನಡೆದಿತ್ತು. ನಿಘಂಟು ಇದ್ದುದು ಉದ್ದವಾದ ಕಾಂತಪಟ್ಟಿಯ ಮೇಲೆ, ಅಕ್ಷರಾನುಕ್ರಮದಲ್ಲಿ. ಪ್ರತಿ ಪದಕ್ಕೂ ಪಟ್ಟಿಯನ್ನು ಹಿಂದಕ್ಕೂ ಮುಂದಕ್ಕೂ ಸುತ್ತಬೇಕಾದರೆ ಕೆಲಸ ಸಾಗದು. ವಾಕ್ಯದ ಪದಗಳನ್ನೇ ಮೊದಲು ಅಕ್ಷರಾನುಕ್ರಮದಲ್ಲಿ ಜೋಡಿಸಿಕೊಂಡರೆ ಒಂದೇ ಸುತ್ತಿನಲ್ಲಿ ಎಲ್ಲವೂ ಸಿಕ್ಕುತ್ತವೆ. ನಿಘಂಟಿನ ಈ ಕಷ್ಟದಿಂದ ಹೋರನಿಗೆ ಹೊಳೆದ ಉಪಾಯವೇ ಕ್ವಿಕ್‌ಸಾರ್ಟ್, ಎಂದರೆ ಶೀಘ್ರ ವಿಂಗಡಣೆ. ಒಬ್ಬನನ್ನು ಕಂಬದಂತೆ ನಡುವೆ ನಿಲ್ಲಿಸಿ, ಅವನಿಗಿಂತ ಚಿಕ್ಕವರನ್ನು ಒಂದು ಕಡೆಗೂ ದೊಡ್ಡವರನ್ನು ಇನ್ನೊಂದು ಕಡೆಗೂ ಅದಲುಬದಲು ಮಾಡುವುದು. ಆಮೇಲೆ ಎರಡು ಗುಂಪುಗಳಲ್ಲಿಯೂ ಅದನ್ನೇ ಮಾಡುವುದು. ಇದನ್ನು ಅವನು 1961ರಲ್ಲಿ ಪ್ರಕಟಿಸಿದನು. ಹೆಚ್ಚಿನ ಜಾಗ ಬೇಡ, ವೇಗವೂ ಬಹಳ. ಆದರೆ ದೂರದೂರದವರನ್ನು ಹೀಗೆ ಅದಲುಬದಲು ಮಾಡುವಾಗ ಸಮಾನರಲ್ಲಿ ಮುಂದಿದ್ದವನು ಹಿಂದಾಗಬಹುದು. ವೇಗವನ್ನು ಕೊಂಡುಕೊಳ್ಳಲು ಸ್ಥಿರತೆಯನ್ನು ಬೆಲೆಯಾಗಿ ತೆರಬೇಕಾಯಿತು.

ಇನ್ನು ಜಾವಾ. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿಯಲ್ಲಿ ಜೇಮ್ಸ್ ಗಾಸ್ಲಿಂಗನೂ ಅವನ ಸಂಗಡಿಗರೂ 1991ರಲ್ಲಿ ಆರಂಭಿಸಿದ ಈ ಭಾಷೆ ಮೊದಲು ಓಕ್ ಎಂಬ ಮರದ ಹೆಸರನ್ನು ಹೊತ್ತಿತ್ತು. 1995ರಲ್ಲಿ ಕಾಫಿಯನ್ನು ನೆನಪಿಸುವ ಜಾವಾ ಎಂಬ ಹೆಸರಿನಿಂದ ಲೋಕಕ್ಕೆ ಬಂದಿತು. 2010ರಲ್ಲಿ ಆ ಕಂಪೆನಿಯೊಡನೆ ಜಾವಾ ಭಾಷೆಯೂ ಒರಾಕಲ್ ಸಂಸ್ಥೆಯ ವಶವಾಯಿತು. ಆಶ್ಚರ್ಯವೆಂದರೆ, ಆರಂಭದ ಜಾವಾದಲ್ಲಿ ಪಟ್ಟಿಯನ್ನು ಕ್ರಮಗೊಳಿಸುವ ಸಿದ್ಧವಿಧಿಯೇ ಇರಲಿಲ್ಲ; ಬೇಕಾದವರು ತಾವೇ ಬರೆದುಕೊಳ್ಳಬೇಕಾಗಿತ್ತು. 1998ರ ಡಿಸೆಂಬರಿನಲ್ಲಿ ಬಂದ 1.2 ಎಂಬ ಆವೃತ್ತಿಯಲ್ಲಿ ಜಾಶುವಾ ಬ್ಲಾಕ್ ಎಂಬುವನ ನೇತೃತ್ವದಲ್ಲಿ ಸಂಗ್ರಹಗಳ ಒಂದು ಇಡೀ ವ್ಯವಸ್ಥೆ ರೂಪುಗೊಂಡಿತು. ಕಲೆಕ್ಷನ್ಸ್ ಎಂಬ ಅದರ ಭಂಡಾರದಲ್ಲಿ ಸಾರ್ಟ್ ಎಂಬ ವಿಧಿ ಕ್ರಮಗೊಳಿಸುವುದಕ್ಕೆ, ರಿವರ್ಸ್ ಎಂಬ ವಿಧಿ ತಿರುಗಿಸುವುದಕ್ಕೆ.

ಈ ವ್ಯವಸ್ಥೆಯಲ್ಲಿ ಒಂದು ಸೂಕ್ಷ್ಮ ವಿವೇಚನೆ ಅಡಗಿದೆ. ಬರಿಯ ಸಂಖ್ಯೆಗಳ ಸಾಲನ್ನು ಕ್ರಮಗೊಳಿಸಲು ಹೋರನ ಶೀಘ್ರ ವಿಧಾನವನ್ನೇ ಇಟ್ಟುಕೊಂಡರು. ಏಕೆಂದರೆ ಒಂದು 72ಕ್ಕೂ ಇನ್ನೊಂದು 72ಕ್ಕೂ ಯಾವ ಭೇದವೂ ಇಲ್ಲ. ಅವು ಅದಲುಬದಲಾದರೆ ನಷ್ಟವಾಗುವುದು ಯಾರಿಗೂ ಇಲ್ಲ. ಆದರೆ ಪಟ್ಟಿಯಲ್ಲಿರುವುದು ಹೆಸರು, ವಯಸ್ಸು, ವಿಳಾಸಗಳುಳ್ಳ ವಸ್ತುಗಳಾದರೆ ಸಂಗಮದ ವಿಧಾನವೇ ಬೇಕೆಂದು ನಿರ್ಧರಿಸಿದರು. 72 ಅಂಕ ಪಡೆದ ಇಬ್ಬರು ಹುಡುಗರು ಅಂಕಗಳಲ್ಲಿ ಸಮಾನರೇ ಹೊರತು ಅವರಿಬ್ಬರೂ ಒಬ್ಬನೇ ಅಲ್ಲವಷ್ಟೆ! ಸಮಾನರ ಹಿಂದುಮುಂದು ಕೆಡುವುದಿಲ್ಲ ಎಂದು ಜಾವಾ ಅಂದು ಬರೆದುಕೊಟ್ಟ ಮಾತು ಇಂದಿಗೂ ನಡೆದುಕೊಂಡು ಬಂದಿದೆ.

ಯಾವುದು ಚಿಕ್ಕದು, ಯಾವುದು ದೊಡ್ಡದು ಎಂಬುದನ್ನು ಯಂತ್ರಕ್ಕೆ ತಿಳಿಸುವವರು ಯಾರು? ಅದಕ್ಕೆ ಕಂಪ್ಯಾರೇಟರ್ ಎಂಬ ತೂಕದವನು ಇದ್ದಾನೆ. ಅವನ ಮುಂದೆ ಇಬ್ಬರನ್ನು ನಿಲ್ಲಿಸಿದರೆ ಇವನು ಮುಂದು, ಅವನು ಮುಂದು, ಅಥವಾ ಇಬ್ಬರೂ ಸಮ ಎಂಬ ಮೂರು ಉತ್ತರಗಳಲ್ಲಿ ಒಂದನ್ನು ಕೊಡುತ್ತಾನೆ. ನಾವು ಅವನನ್ನು ನೇಮಿಸದಿದ್ದರೆ ಯಂತ್ರವು ಅಕ್ಷರಗಳನ್ನು ಅವುಗಳ ಸಂಕೇತಸಂಖ್ಯೆಯಿಂದ ಹೋಲಿಸುತ್ತದೆ. ಕನ್ನಡಿಗರು ಎಚ್ಚರವಾಗಿರಬೇಕಾದ ಜಾಗ ಇದು. 1991ರಲ್ಲಿ ಪ್ರಕಟವಾದ ಯೂನಿಕೋಡ್ ಸಂಕೇತಾವಳಿ ಭಾರತೀಯ ಲಿಪಿಗಳ ಜೋಡಣೆಗೆ ನಮ್ಮ ದೇಶದ ಇಸ್ಕಿ ಸಂಕೇತಾವಳಿಯನ್ನು ಆಧಾರವಾಗಿಟ್ಟುಕೊಂಡಿತು. ಎಲ್ಲ ಲಿಪಿಗಳಿಗೂ ಒಂದೇ ಅಚ್ಚು ಇರಲೆಂದು ಅದರಲ್ಲಿ ಳಕಾರವನ್ನು ಲಕಾರದ ಪಕ್ಕದಲ್ಲಿ ಕೂರಿಸಿದೆ. ಲ ಎಂಬುದಕ್ಕೆ 3250, ಳ ಎಂಬುದಕ್ಕೆ 3251, ವ ಎಂಬುದಕ್ಕೆ 3253. ನಮ್ಮ ವರ್ಣಮಾಲೆಯಲ್ಲಾದರೋ ಯರಲವ ಶಷಸಹ ಮುಗಿದು ಕೊನೆಗೆ ಬರುವುದು ಳ. ಆದುದರಿಂದ ನಮ್ಮ ನಿಘಂಟಿನಲ್ಲಿ ‘ಕವಿ’ ಮೊದಲು, ‘ಕಳೆ’ ಆಮೇಲೆ. ಯಂತ್ರವನ್ನು ಅದರ ಪಾಡಿಗೆ ಬಿಟ್ಟರೆ ಕಳೆ ಮೊದಲು, ಕವಿ ಆಮೇಲೆ! ಯಂತ್ರವನ್ನು ದೂರಿ ಫಲವಿಲ್ಲ. ಆಯಾ ಭಾಷೆಯ ಕ್ರಮವನ್ನು ಬರೆದು ತಿಳಿಸಲು ಕೊಲೇಟರ್ ಎಂಬ ಸಾಧನವನ್ನು ಜಾವಾ 1997ರ ಆವೃತ್ತಿಯಲ್ಲಿಯೇ ಒದಗಿಸಿದೆ. ನಮ್ಮ ಕ್ರಮ ಯಾವುದೆಂದು ನಾವು ಹೇಳಿಕೊಡಬೇಕು. ಹೇಳದೆ ಇದ್ದರೆ ಬೇರೆಯವರ ಕ್ರಮ ನಮ್ಮ ಕ್ರಮವಾಗಿಬಿಡುತ್ತದೆ.

ಈಗ ತಿರುಗಿಸುವ ವಿಷಯಕ್ಕೆ ಬರೋಣ. ಪಟ್ಟಿಯನ್ನು ತಿರುಗಿಸುವ ರಿವರ್ಸ್ ವಿಧಿ ಅತ್ಯಂತ ಸರಳ. ಸಾಲಿನ ಎರಡು ತುದಿಗಳಿಂದ ಇಬ್ಬಿಬ್ಬರನ್ನು ಅದಲುಬದಲು ಮಾಡುತ್ತ ನಡುವಿಗೆ ಬಂದು ನಿಲ್ಲುವುದು. ಒಂಬತ್ತು ಮಂದಿಯಿದ್ದರೆ ನಾಲ್ಕು ಅದಲುಬದಲು, ನಡುವಿನವನು ಕದಲುವುದಿಲ್ಲ. ಇದು ಯಾರನ್ನೂ ಯಾರೊಡನೆಯೂ ಹೋಲಿಸುವುದಿಲ್ಲ, ಸಾಲನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿ ಹಾಕುತ್ತದೆ, ಅಷ್ಟೆ. ಹಾಗಾದರೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಪಟ್ಟಿ ಬೇಕಾದಾಗ ಮೊದಲು ಏರುವಂತೆ ಕ್ರಮಗೊಳಿಸಿ, ಆಮೇಲೆ ತಿರುಗಿಸಿದರಾಯಿತಲ್ಲ ಎಂದು ಓದುಗರು ಕೇಳಬಹುದು. ಬಹಳ ಮಂದಿ ಹಾಗೆಯೇ ಮಾಡುತ್ತಾರೆ. ಅದರಲ್ಲಿ ಒಂದು ಕೊಕ್ಕೆ ಇದೆ.

ಒಂದು ತರಗತಿಯ ಪಟ್ಟಿ ಅಕಾರಾದಿಯಾಗಿ ಹೀಗಿದೆಯೆಂದು ಭಾವಿಸಿ: ಅನಂತ 72, ಕಮಲ 85, ಗೋಪಾಲ 72, ಮಾಧವ 60. ಅಂಕಗಳ ಏರಿಕೆಯಲ್ಲಿ ಕ್ರಮಗೊಳಿಸಿದರೆ ಮಾಧವ, ಅನಂತ, ಗೋಪಾಲ, ಕಮಲ ಎಂದಾಗುವುದು. ಅನಂತ ಗೋಪಾಲರು ಸಮಾನರು; ಮೊದಲಿದ್ದ ಅಕಾರಾದಿ ಕ್ರಮದಲ್ಲಿಯೇ ಉಳಿದಿದ್ದಾರೆ. ಇದನ್ನು ತಿರುಗಿಸಿ: ಕಮಲ, ಗೋಪಾಲ, ಅನಂತ, ಮಾಧವ. ಅಂಕಗಳ ಇಳಿಕೆಯೇನೋ ಸರಿಯಾಗಿದೆ. ಆದರೆ ಅನಂತನು ಗೋಪಾಲನ ಹಿಂದಕ್ಕೆ ಹೋದನು. ಅವನು ಮಾಡಿದ ತಪ್ಪೇನು? ಏನೂ ಇಲ್ಲ. ಪಟ್ಟಿಯನ್ನು ಮಗುಚಿದಾಗ ಸಮಾನರ ಹಿಂದುಮುಂದೂ ಮಗುಚಿತು. ಕೊಡತಕ್ಕ ಬಹುಮಾನಗಳು ಎರಡೇ ಆಗಿದ್ದು, ಸಮಾನರಾದರೆ ಅಕಾರಾದಿಯೇ ಪ್ರಮಾಣ ಎಂದು ಮೊದಲೇ ಸಾರಿದ್ದರೆ ಅನಂತನಿಗೆ ಆದುದು ಅನ್ಯಾಯವೇ ಸರಿ. ಆ ಅನ್ಯಾಯ ಯಾರ ಕಣ್ಣಿಗೂ ಬೀಳುವುದಿಲ್ಲ. ಪಟ್ಟಿ ನೋಡಲು ನೆಟ್ಟಗಿರುತ್ತದೆ.

ಸರಿಯಾದ ದಾರಿ ಯಾವುದೆಂದರೆ, ಸಾಲನ್ನು ಮಗುಚದೆ ತೂಕದವನ ತೀರ್ಪನ್ನು ಮಗುಚುವುದು. ‘ದೊಡ್ಡದೇ ಮುಂದು’ ಎಂದು ಅವನಿಗೆ ಹೇಳಿಬಿಟ್ಟರೆ ಮೊದಲಿನ ಪಟ್ಟಿಯಿಂದ ನೇರವಾಗಿ ಕಮಲ, ಅನಂತ, ಗೋಪಾಲ, ಮಾಧವ ಎಂಬ ಸಾಲು ಬರುವುದು. ದೊಡ್ಡದು ಚಿಕ್ಕದು ತಲೆಕೆಳಗಾದರೂ ಸಮ ಎಂಬ ತೀರ್ಪು ಸಮವಾಗಿಯೇ ಉಳಿಯುತ್ತದೆ. ಇದಕ್ಕಾಗಿಯೇ ಜಾವಾ 1998ರಲ್ಲಿ ರಿವರ್ಸ್ ಆರ್ಡರ್ ಎಂಬ ತೂಕದವನನ್ನು ಕೊಟ್ಟಿತು. 2014ರ ಎಂಟನೆಯ ಆವೃತ್ತಿಯಲ್ಲಿ ಯಾವ ತೂಕದವನನ್ನಾದರೂ ಒಂದೇ ಮಾತಿನಲ್ಲಿ ಮಗುಚುವ ರಿವರ್ಸ್‌ಡ್ ಎಂಬ ವಿಧಿಯೂ ಬಂದಿತು. 2023ರ ಇಪ್ಪತ್ತೊಂದನೆಯ ಆವೃತ್ತಿಯಲ್ಲಿ ಪಟ್ಟಿಗೂ ಅದೇ ಹೆಸರಿನ ವಿಧಿ ದೊರೆಯಿತು. ಇದು ಪಟ್ಟಿಯಲ್ಲಿ ಯಾರನ್ನೂ ಕದಲಿಸುವುದಿಲ್ಲ. ಹಿಂದಿನಿಂದ ನಿಂತು ನೋಡುವ ಒಂದು ಕಿಟಕಿಯನ್ನು ಮಾತ್ರ ತೆರೆದುಕೊಡುತ್ತದೆ. ಸಾಲನ್ನು ಮಗುಚುವುದು, ತೀರ್ಪನ್ನು ಮಗುಚುವುದು, ನೋಟವನ್ನು ಮಗುಚುವುದು, ಇವು ಮೂರೂ ಬೇರೆ ಬೇರೆ ಎಂಬುದನ್ನು ಕಲಿಯುವವರು ಮರೆಯಬಾರದು.

ಕ್ರಮಗೊಳಿಸುವುದೂ ತಿರುಗಿಸುವುದೂ ಒಂದೆಡೆ ಕೂಡಿದ ಸೊಗಸಾದ ಪ್ರಸಂಗವೊಂದಿದೆ. 2002ರಲ್ಲಿ ಟಿಮ್ ಪೀಟರ್ಸ್ ಎಂಬುವನು ಪೈಥಾನ್ ಎಂಬ ಇನ್ನೊಂದು ಯಂತ್ರಭಾಷೆಗಾಗಿ ಹೊಸ ವಿಧಾನವನ್ನು ರಚಿಸಿದನು. ಅವನ ಹೆಸರಿನಿಂದಲೇ ಅದು ಟಿಮ್‌ಸಾರ್ಟ್ ಎಂದು ಪ್ರಸಿದ್ಧವಾಯಿತು. ಲೋಕದ ಪಟ್ಟಿಗಳು ಪೂರ್ತಿ ಕಲಸಿಹೋಗಿರುವುದು ಅಪೂರ್ವ. ಅಲ್ಲಲ್ಲಿ ಒಂದಿಷ್ಟು ದೂರ ಕ್ರಮ ತಾನಾಗಿಯೇ ಇರುತ್ತದೆ ಎಂಬುದು ಅವನ ಆಧಾರ. ವಿಧಾನವು ಪಟ್ಟಿಯುದ್ದಕ್ಕೂ ನಡೆಯುತ್ತ, ಏರುತ್ತಿರುವ ತುಣುಕು ಸಿಕ್ಕಿದರೆ ಹಾಗೆಯೇ ಇಟ್ಟುಕೊಳ್ಳುತ್ತದೆ. ಇಳಿಯುತ್ತಿರುವ ತುಣುಕು ಸಿಕ್ಕಿದರೆ ಅಲ್ಲಿಯೇ ತಿರುಗಿಸಿ ಏರುವಂತೆ ಮಾಡಿಕೊಳ್ಳುತ್ತದೆ. ಆಮೇಲೆ ತುಣುಕುಗಳನ್ನು ಸಂಗಮಗೊಳಿಸುತ್ತದೆ. ಆದರೆ ತಿರುಗಿಸಲು ಒಂದು ಕಟ್ಟುಪಾಡುಂಟು. ತುಣುಕು ಪ್ರತಿ ಹೆಜ್ಜೆಗೂ ಖಚಿತವಾಗಿ ಇಳಿಯುತ್ತಿರಬೇಕು. ಒಬ್ಬರ ಪಕ್ಕದಲ್ಲಿ ಸಮಾನನೊಬ್ಬನು ಬಂದರೆ ತುಣುಕು ಅಲ್ಲಿಗೆ ಮುಗಿಯಿತು. ಸಮಾನರಿಬ್ಬರನ್ನು ಒಟ್ಟಿಗೆ ಮಗುಚಿದರೆ ಅನಂತನಿಗೆ ಆದ ಅನ್ಯಾಯವೇ ಮತ್ತೆ ಆಗುವುದೆಂಬ ಎಚ್ಚರ ಇದರಲ್ಲಿದೆ. ಈ ವಿಧಾನವನ್ನು ಜಾಶುವಾ ಬ್ಲಾಕನೇ ಜಾವಾಕ್ಕೆ ಇಳಿಸಿಕೊಂಡನು. 2011ರ ಏಳನೆಯ ಆವೃತ್ತಿಯಿಂದ ವಸ್ತುಗಳ ಪಟ್ಟಿಗಳಿಗೆ ಇದೇ ನೆಲೆಯಾಯಿತು.

ಇಷ್ಟು ಎಚ್ಚರದಿಂದ ಕಟ್ಟಿದ ಮನೆಯಲ್ಲಿಯೂ ಒಂದು ಬಿರುಕಿತ್ತು. ಕೂಡಿಸಬೇಕಾದ ತುಣುಕುಗಳನ್ನು ಈ ವಿಧಾನ ಒಂದರ ಮೇಲೊಂದರಂತೆ ಅಡಕಿಲಾಗಿ ಇಟ್ಟುಕೊಳ್ಳುತ್ತದೆ. ಪ್ರತಿ ತುಣುಕೂ ತನ್ನ ಮೇಲಿನ ಎರಡು ತುಣುಕುಗಳ ಮೊತ್ತಕ್ಕಿಂತ ಉದ್ದವಾಗಿರಬೇಕು ಎಂಬುದು ನಿಯಮ. ಹಾಗಿದ್ದರೆ ಅಡಕಿಲು ಬಹಳ ಎತ್ತರಕ್ಕೆ ಬೆಳೆಯಲಾರದು. ಅದಕ್ಕೆ ತಕ್ಕಷ್ಟೇ ಜಾಗವನ್ನು ಜಾವಾದಲ್ಲಿ ಕಾದಿರಿಸಿದ್ದರು. ಆದರೆ ನಿಯಮವನ್ನು ಪರೀಕ್ಷಿಸುತ್ತಿದ್ದುದು ಅಡಕಿಲಿನ ತುದಿಯಲ್ಲಿ ಮಾತ್ರ. ಕೆಳಗೆ ಅದು ಮುರಿದರೆ ತಿಳಿಯುತ್ತಿರಲಿಲ್ಲ. ಲೆಕ್ಕವಿಲ್ಲದಷ್ಟು ಯಂತ್ರಗಳಲ್ಲಿ ದಿನವೂ ನಡೆಯುತ್ತಿದ್ದ ಈ ವಿಧಿಯ ದೋಷ 13 ವರ್ಷಗಳವರೆಗೆ ಯಾರ ಗಮನಕ್ಕೂ ಬರಲಿಲ್ಲ. 2015ರಲ್ಲಿ ನೆದರ್ಲೆಂಡಿನ ಸ್ಟೈನ್ ಡಿ ಗೌ ಮತ್ತು ಅವನ ಸಂಗಡಿಗರು ಈ ವಿಧಿ ಸರಿಯಾಗಿದೆ ಎಂಬುದನ್ನು ರೇಖಾಗಣಿತದ ಪ್ರಮೇಯದಂತೆ ಸಾಧಿಸಲು ಹೊರಟರು. ಸಾಧನೆ ಒಂದು ಹೆಜ್ಜೆಯಲ್ಲಿ ನಿಂತುಹೋಯಿತು. ಏಕೆ ನಿಂತಿತೆಂದು ಕೆದಕಿದಾಗ ದೋಷ ಹೊರಬಿದ್ದಿತು. ಸುಮಾರು 6.7 ಕೋಟಿ ವಸ್ತುಗಳ ಒಂದು ಪಟ್ಟಿಯನ್ನು ಬೇಕೆಂದೇ ರಚಿಸಿ ಜಾವಾಕ್ಕೆ ಕೊಟ್ಟರೆ ಕೆಲಸ ನಡುವೆಯೇ ಮುರಿದುಬೀಳುವುದನ್ನು ಅವರು ತೋರಿಸಿಕೊಟ್ಟರು.

ಪೈಥಾನಿನವರು ನಿಯಮದ ಪರೀಕ್ಷೆಯನ್ನೇ ತಿದ್ದಿಕೊಂಡರು. ಜಾವಾದವರು ಆಗ ಅಡಕಿಲಿನ ಜಾಗವನ್ನು ಹಿಗ್ಗಿಸಿ ತೃಪ್ತರಾದರು. 2018ರಲ್ಲಿ ಫ್ರಾನ್ಸಿನ ವಿದ್ವಾಂಸರು ಲೆಕ್ಕ ಹಾಕಿ, ಹಿಗ್ಗಿಸಿದ ಜಾಗವೂ ಸಾಲದೆಂದು ತೋರಿಸಿದ ಮೇಲೆ ಜಾವಾದಲ್ಲಿಯೂ ಪರೀಕ್ಷೆಯನ್ನೇ ಸರಿಪಡಿಸಿದರು. ಗೋಡೆ ಬಿರಿದಾಗ ಸುಣ್ಣ ಬಳಿಯುವುದಕ್ಕೂ ಅಡಿಪಾಯವನ್ನು ನೋಡುವುದಕ್ಕೂ ಇರುವ ವ್ಯತ್ಯಾಸವನ್ನು ಈ ಪ್ರಸಂಗ ಚೆನ್ನಾಗಿ ತೋರಿಸುತ್ತದೆ. ಇಷ್ಟು ದಿನ ನಡೆದುಕೊಂಡು ಬಂದಿದೆ ಎಂಬುದು ಒಂದು ವಿಧಿ ಸರಿಯಾಗಿದೆ ಎಂಬುದಕ್ಕೆ ಪ್ರಮಾಣವಾಗದು.

ಇಂದು ನಮ್ಮ ಮಕ್ಕಳ ಪರೀಕ್ಷೆಯ ಫಲಿತಾಂಶ, ಕಾಲೇಜಿನ ಪ್ರವೇಶದ ಪಟ್ಟಿ, ಉದ್ಯೋಗದ ಆಯ್ಕೆಯ ಪಟ್ಟಿ ಇವೆಲ್ಲವೂ ಯಂತ್ರದ ಬಾಯಿಂದಲೇ ಹೊರಡುತ್ತವೆ. ಅಂಕಗಳಲ್ಲಿ ಭೇದವಿದ್ದ ಕಡೆ ಯಂತ್ರ ತಪ್ಪುವುದು ಕಡಮೆ. ಸಮಾನರಿದ್ದ ಕಡೆಯಲ್ಲಿ ಮಾತ್ರ, ಅದನ್ನು ನಡೆಸಿದವರು ಎಷ್ಟು ಎಚ್ಚರವಾಗಿದ್ದರು ಎಂಬುದರ ಮೇಲೆ ಒಬ್ಬ ಹುಡುಗನ ಭವಿಷ್ಯ ನಿಂತಿರುತ್ತದೆ. ಆದುದರಿಂದ ಇಂಥ ಒಂದು ಪಟ್ಟಿ ಕೈಗೆ ಬಂದಾಗ ಮೊದಲ ಹೆಸರನ್ನೂ ಕೊನೆಯ ಹೆಸರನ್ನೂ ನೋಡಿ ಕೆಳಗಿಡಬೇಡಿ. ನಡುವೆ ಒಂದೇ ಅಂಕ ಪಡೆದ ಇಬ್ಬರನ್ನು ಹುಡುಕಿ, ಇವನು ಮುಂದೆ ಅವನು ಹಿಂದೆ ಏಕೆ ಎಂದು ಕೇಳಿ. ಆ ಪ್ರಶ್ನೆಗೆ ನೇರವಾದ ಉತ್ತರ ದೊರೆತರೆ ಪಟ್ಟಿಯ ಉಳಿದ ಭಾಗವನ್ನೂ ನಂಬಬಹುದು.